ಧಾರವಾಡದಲ್ಲಿ ನಮ್ಮವನೊಬ್ಬ

ಬಸವಣ್ಣೆಪ್ಪನನ್ನು ಊರವರು ಧಾರವಾಡಕ್ಕೆ ಕಳಿಸಿದ್ದು ಓದಲಿಕ್ಕೆ ಎಂದು ಅವನು ನಂಬಿದ್ದ. ಊರವರೂ ಬಾಯಿಂದ ಹಾಗೆಯೇ ಹೇಳಿದ್ದರು. ಮ್ಯಾಟ್ರಿಕ್ಕಿನಲ್ಲಿ ಹಾವೇರಿಯ ಹೈಸ್ಕೂಲಿಗೆ ಎರಡನೆಯವನಾಗಿ ಬಂದ ಹುಡುಗ. ಹಿರೇಕೆರೂರ ಸೀಮೆಯ ರಟ್ಟೀಹಳ್ಳಿ ಸುತ್ತಿನ ಹಳ್ಳಿಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಅಲ್ಲಿಯ ತನಕ ಯಾರೂ ಇರಲಿಲ್ಲ. ೧೯೩೪ರಲ್ಲಿ ಮಳೆ ಹಿಡಿಯುವ ಹೊತ್ತಿಗೆ ಹಿರಿಯರು ಚಾವಡಿಯಲ್ಲಿ ಕೂತು, ಧಾರವಾಡದಲ್ಲಿ ಮಠದವರು ನಡೆಸುವ ಪುಕ್ಕಟೆ ಬೋರ್ಡಿಂಗಿಗೆ ಅವನ ಹೆಸರಿನಲ್ಲಿ ವರ್ಷಕ್ಕೊಂದು ಚೀಲ ಜೋಳ ಕಳಿಸುವುದೆಂದು ಗೊತ್ತುಮಾಡಿದರು. ಮನೆಗೊಂದು ಸೇರಿನಂತೆ ಜೋಳ ಕೂಡಿತು. ಅವನ ಅವ್ವ ಅನ್ನವ್ವ ಚಾವಡಿಯ ಕೆಳಗೆ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಂಡ ಸತ್ತ ಮೇಲೆ ಮೂರೆಕರೆ ಎರೆಹೊಲದಲ್ಲಿ ಒಬ್ಬಳೇ ದುಡಿದು ಮಗನನ್ನು ಓದಿಸಿದ ಹೆಂಗಸು ಅವಳು. ಮನೆಗೊಂದು ಸೇರು ಜೋಳ ಕೊಟ್ಟಲ್ಲಿ ಮನೆಗೊಬ್ಬ ಯಜಮಾನ ಹುಟ್ಟಿಕೊಳ್ಳುತ್ತಾನೆ ಎಂಬುದು ಅವಳಿಗೂ ಹೊಳೆಯಲಿಲ್ಲ, ಅವಳ ಮಗನಿಗೂ ಹೊಳೆಯಲಿಲ್ಲ.

ಮೊದಲನೆಯವನು ದಸರೆಗೂ ಮುಂಚೆಯೇ ಬಂದ. ಕಾಲು ಬಾತು ಆನೆಕಾಲಾದ ಒಬ್ಬ ಮುದುಕ. ಕೈಯಲ್ಲಿ ಊರ ಗೌಡರ ಚೀಟಿ: ಚಿರಂಜೀವಿ ಬಸವಣ್ಣೆಪ್ಪಗೆ ಅನೇಕ ಆಶೀರ್ವಾದ, ಚೀಟಿ ತಂದವ ನಮ್ಮವ, ದವಾಖಾನೆ ತೋರಿಸಿ ಡಾಕ್ಟರ ಮುಂದೆ ನಾಲ್ಕು ಮಾತಾಡಿ ತಿರುಗಿ ರೈಲು ಹತ್ತಿಸುವುದು. ಬಸವಣ್ಣೆಪ್ಪ ಅಂದಿನ ಕ್ಲಾಸುಗಳನ್ನು ಬಿಟ್ಟು ಮುದುಕನನ್ನು ಕರೆದೊಯ್ದ. ಡಾಕ್ಟರ ಮುಂದೆ ಎರಡು ಮಾತು ಇಂಗ್ಲಿಷು ಆಡಿದ. ಮುದುಕ ಊರಿಗೆ ಹೋಗಿ ಆ ಎರಡು ಮಾತನ್ನು ಇಪ್ಪತ್ತು ಮಾಡಿ ಹೇಳಿದ.

ಅಲ್ಲಿಗೆ ಸುರುವಾಯಿತು. ಧಾರವಾಡದಲ್ಲಿ ನಮ್ಮವನೊಬ್ಬ ಇದ್ದಾನೆ ಎಂಬ ಮಾತು ಊರಿಂದ ಊರಿಗೆ ಹಬ್ಬಿತು. ಊರಲ್ಲೇ ಬೈದಾಡಿಕೊಂಡು ಸುಮ್ಮನಾಗುತ್ತಿದ್ದ ಜಗಳಗಳಿಗೆ ಕೋರ್ಟಿನ ಆಸೆ ಹುಟ್ಟಿತು. ಹತ್ತು ವರ್ಷ ಹೊಟ್ಟೆನೋವು ತಿಂದುಕೊಂಡಿದ್ದವರಿಗೆ ದೊಡ್ಡ ದವಾಖಾನೆಯ ನೆನಪಾಯಿತು. ವಾರಕ್ಕೆರಡು ಸಲವಾದರೂ ಬೋರ್ಡಿಂಗಿನ ಕಟ್ಟೆಯ ಮೇಲೆ ರೊಟ್ಟಿಗಂಟು ಬಿಚ್ಚಿಕೊಂಡು, ಶೇಂಗಾಹಿಂಡಿಯ ಬಟ್ಟಲು ಮುಂದಿಟ್ಟುಕೊಂಡು ಯಾರಾದರೂ ಕೂತಿರುತ್ತಿದ್ದರು. ಅವನು ಕ್ಲಾಸಿಗೆ ಹೊರಟರೆ, ನೀ ಹೋಗಿ ಬಾರಪ್ಪ, ನಾವು ಇಲ್ಲೇ ಇರತೇವಿ ಎನ್ನುತ್ತಿದ್ದರು. ಹೋದವನ ತಲೆಯೊಳಗೆ ಪ್ರೊಫೆಸರರ ಮಾತಿಗೆ ಜಾಗವೆಲ್ಲಿ, ಕಟ್ಟೆಯ ಮೇಲೆ ಕೂತವರೇ ತುಂಬಿಕೊಂಡಿರುತ್ತಿದ್ದರು.

ಎಲ್ಲ ತಪ್ಪನ್ನೂ ಊರ ಮೇಲೆ ಹಾಕುವುದು ಸುಲಭ, ಆದರೆ ಅದು ಅರ್ಧ ಸುಳ್ಳು. ಅವನಿಗೂ ಅದು ರುಚಿಸಿತ್ತು. ಹತ್ತೊಂಬತ್ತು ವರ್ಷದ ಹುಡುಗ ಕೋಟು ತೊಟ್ಟು ಮುಂದೆ ಮುಂದೆ ನಡೆಯಬೇಕು, ಪಟಗಾ ಸುತ್ತಿದ ಅರವತ್ತು ವರ್ಷದವರು ಸಾಹೇಬ್ರ, ಸಾಹೇಬ್ರ ಎನ್ನುತ್ತ ಹಿಂದೆ ಬರಬೇಕು. ಕೋರ್ಟಿನ ಕಾರಕೂನರಿಗೆ ಅವನ ಗುರುತಾಯಿತು. ಒಬ್ಬ ದೊಡ್ಡ ವಕೀಲರು, ನಿಮ್ಮ ಕಡೆಯ ಪಕ್ಷಗಾರರನ್ನು ನಮ್ಮಲ್ಲಿಗೇ ಕರಕೊಂಡು ಬಾ ಎಂದು ಬೆನ್ನು ತಟ್ಟಿದರು. ಅವರ ಮಗ ಬಸವಣ್ಣೆಪ್ಪನ ಕ್ಲಾಸಿನವನೇ. ತಂದೆಯ ಮನೆಯ ಅಟ್ಟದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಆ ಹುಡುಗ ಓದುತ್ತಿದ್ದ. ಕೆಳಗೆ ಪಡಸಾಲೆಯಲ್ಲಿ ಅದೇ ಕ್ಲಾಸಿನ ಬಸವಣ್ಣೆಪ್ಪ ಊರವರ ಕಾಗದ ಬರೆಯುತ್ತಿದ್ದ. ಅಕ್ಷರ ಮುತ್ತಿನಂಥವು. ಅರ್ಜಿ, ಆಸ್ತಿ ಪಾಲು ಮಾಡಿಕೊಳ್ಳುವ ವಾಟಣಿ ಪತ್ರ, ಒಪ್ಪಂದ, ಏನೇ ಇರಲಿ, ಬರೆದು ಕೊನೆಗೆ ಬರೆದವನ ಗುರುತಿಗೆ 'ಬಿಕಲಂ ಬಸವಣ್ಣೆಪ್ಪ' ಎಂದು ಸಹಿ ಹಾಕುತ್ತಿದ್ದ. ತನ್ನ ಹೆಸರನ್ನು ಸ್ಟಾಂಪಿನ ಕಾಗದದ ಮೇಲೆ ನೋಡುವ ಖುಷಿ ಅವನಿಗೆ.

ಕಾಲೇಜಿನ ಕಡೇ ಬೆಂಚಿನಲ್ಲಿ ಅವನ ಜೊತೆ ಮೂವರು ಕೂಡುತ್ತಿದ್ದರು. ಹಾನಗಲ್ಲಿನ ಶಂಕ್ರಪ್ಪ, ಶಿಗ್ಗಾಂವಿಯವನೊಬ್ಬ, ಸವಣೂರಿನ ಬಂದೇಸಾಬ. ಶಂಕ್ರಪ್ಪನ ಊರಿನವರದು ಕೆರೆಯ ನೀರಿನ ದಾವೆ. ಅವರ ಹಿಂದೆ ಎರಡು ಮಳೆಗಾಲ ತಿರುಗಿದ್ದರಲ್ಲಿ ಅವನ ಹಾಜರಿ ಸಾಲದೆ ಟರ್ಮು ಹೋಯಿತು, ಮೂರನೆಯ ವರ್ಷ ಅವನು ಬರಲೇ ಇಲ್ಲ. ಶಿಗ್ಗಾಂವಿಯವನು ಊರವರ ಕೆಲಸಕ್ಕೆ ತಿರುಗಿ ತಿರುಗಿ ಕೊನೆಗೆ ಓದು ಬಿಟ್ಟು ವಕೀಲರೊಬ್ಬರ ಗುಮಾಸ್ತನಾಗಿಯೇ ಕೂತ. ಬಂದೇಸಾಬ ಮಾತ್ರ ವರ್ಷಕ್ಕೊಂದು ಮೆಟ್ಟಿಲು ತಪ್ಪದೆ ಏರಿದ. ಅವನೇನು ಇವರಿಗಿಂತ ಶಾಣ್ಯಾ ಆಗಿರಲಿಲ್ಲ. ಸವಣೂರಿನವರ ಜಗಳ ನವಾಬರ ಕಚೇರಿಯಲ್ಲೇ ತೀರುತ್ತಿದ್ದುದರಿಂದ ಧಾರವಾಡದ ಕೋರ್ಟಿಗೆ ಬರುವವರು ಅವನ ಊರಲ್ಲಿ ಇರಲಿಲ್ಲ, ಅಷ್ಟೇ.

೧೯೩೬ರಲ್ಲಿ ಬಸವಣ್ಣೆಪ್ಪ ಇಂಟರ್ ಪರೀಕ್ಷೆಯಲ್ಲಿ ಫೇಲಾದ. ಒಬ್ಬ ಪ್ರೊಫೆಸರು ಅವನನ್ನು ಕರೆಸಿ ಒಂದು ಹಾಳೆ ತೋರಿಸಿದರು. ಯಾವ ತಾಲೂಕಿನಿಂದ ಎಷ್ಟು ಜನ ಕಾಲೇಜು ಸೇರಿದರು, ಎಷ್ಟು ಜನ ಬಿ.ಎ. ಆದರು ಎಂದು ಹತ್ತು ವರ್ಷದ್ದನ್ನು ಅವರು ಬರೆದಿಟ್ಟಿದ್ದರು. ಧಾರವಾಡ ಪೇಟೆಯವರು ಹತ್ತು ಜನ ಸೇರಿದರೆ ಏಳು ಜನ ಮುಗಿಸಿದ್ದರು. ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿ ಕಡೆಯವರು ಹತ್ತು ಜನ ಸೇರಿದರೆ ಒಬ್ಬ. ಒಳ್ಳೆಯ ಮನಸ್ಸಿನ ಮನುಷ್ಯ, ಹೀಯಾಳಿಸುವ ಉದ್ದೇಶ ಅವರಿಗಿರಲಿಲ್ಲ. ನಿಮ್ಮ ಕಡೆಯ ಹುಡುಗರು ಬರುವಾಗ ಚುರುಕಾಗಿಯೇ ಬರುತ್ತಾರೆ, ಆಮೇಲೆ ಏನಾಗುತ್ತದೆ, ಚಳಿಜ್ವರವೋ, ಊಟದ ದೋಷವೋ, ನಿಮಗೆ ಏಕಾಗ್ರತೆ ಎಂಬುದು ಯಾಕಿಲ್ಲ ಎಂದು ಕೇಳಿದರು. ಬಸವಣ್ಣೆಪ್ಪನ ಬಾಯಿಗೆ ಉತ್ತರ ಬಂದಿತ್ತು. ಆದರೆ ಕಿಟಕಿಯ ಆಚೆ ಬೇವಿನ ಮರದ ಕೆಳಗೆ ಅವನ ಊರಿನವರಿಬ್ಬರು ನಿಂತು ಒಳಗೆ ಇಣುಕುತ್ತಿದ್ದರು. ನಾಚಿಕೆಯಾಗಿ, ಇನ್ನು ಮುಂದೆ ಸರಿಯಾಗಿ ಓದುತ್ತೇನೆ ಎಂದಷ್ಟೇ ಹೇಳಿ ಹೊರಬಂದ. ಅಂಕಿಗಳು ಸರಿಯಾಗಿಯೇ ಇದ್ದವು, ಆದರೆ ಕಟ್ಟೆಯ ಮೇಲೆ ಕೂತವರಿಗೆ ಆ ಹಾಳೆಯಲ್ಲಿ ಒಂದು ಕಾಲಮ್ಮೂ ಇರಲಿಲ್ಲ.

ಮರುವರ್ಷ ಇಂಟರ್ ಪಾಸಾಯಿತು. ಎರಡು ಸಲ ತಪ್ಪಿದವರಿಗೆ ಬೋರ್ಡಿಂಗಿನಲ್ಲಿ ಜಾಗವಿಲ್ಲ ಎಂಬುದು ಅಲ್ಲಿಯ ನಿಯಮ. ಒಂದು ಸಲ ಆಗಿಹೋಗಿತ್ತು. ೧೯೩೯ರ ಮಾರ್ಚಿಗೆ ಬಿ.ಎ. ಪರೀಕ್ಷೆ. ಇನ್ನು ತಪ್ಪಿದರೆ ಜೀವನ ತಪ್ಪಿದ ಹಾಗೆ ಎಂದು ಅವನಿಗೆ ಗೊತ್ತಿತ್ತು. ಆಗ, ಹಿಂದಿನ ವರ್ಷವೇ ಬಿ.ಎ. ಮುಗಿಸಿದ್ದ ಬಂದೇಸಾಬ ಒಂದು ಉಪಾಯ ಹೇಳಿದ. ಅವನ ಸೋದರತ್ತೆ ಮರಿಯಮಬಿ ಧಾರವಾಡದಲ್ಲೇ ಇದ್ದಳು, ಒಂಟಿ ಮುದುಕಿ, ಅವಳ ಮನೆಯ ಹಿತ್ತಲಲ್ಲಿ ಒಂದು ಕೋಣೆ ಖಾಲಿಯಿತ್ತು.

"ಲಿಂಗವಂತರ ಹುಡುಗ ಮುಸಲ್ಮಾನರ ಮನ್ಯಾಗ ಇರ್ತಾನಂತ ನಿಮ್ಮೂರವರು ಕನಸಿನ್ಯಾಗೂ ಹುಡುಕೂದಿಲ್ಲ" ಎಂದ ಬಂದೇಸಾಬ. "ಎರಡು ತಿಂಗಳು ನೀ ಸತ್ತಿ ಅಂತ ತಿಳಕೊಳ್ಳಲಿ. ಪಾಸಾಗಿ ಎದ್ದು ಬರುವಂತಿ."

ಬಸವಣ್ಣೆಪ್ಪ ಟ್ರಂಕು ಹೊತ್ತು ಅಲ್ಲಿಗೆ ಹೋದ. ತಾನೇ ಅನ್ನ ಬೇಯಿಸಿಕೊಂಡ. ಮರಿಯಮಬಿ ಹೊರಬಾಗಿಲಲ್ಲಿ ಕೂತು ಬೀದಿ ಕಾಯುತ್ತಿದ್ದಳು. ಐದು ವರ್ಷದಲ್ಲಿ ಮೊದಲ ಸಲ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯ ತನಕ ತಡೆಯಿಲ್ಲದೆ ಓದಿದ. ಓದಿದ್ದು ತಲೆಗೆ ಹತ್ತುತ್ತದೆ ಎಂಬುದೇ ಅವನಿಗೊಂದು ಆಶ್ಚರ್ಯ. ತನ್ನ ಬುದ್ಧಿಗೆ ಏನೂ ಆಗಿಲ್ಲ ಎಂದು ತಿಳಿದು ಒಂದು ದಿನ ಒಬ್ಬನೇ ಕೂತು ಅತ್ತ.

ಅದೇ ಖುಷಿಯಲ್ಲಿ ತಪ್ಪು ಮಾಡಿದ. ಅವ್ವ ದಾರಿ ನೋಡುತ್ತಾಳೆ ಎಂದು ಅವಳಿಗೊಂದು ಪತ್ರ ಬರೆದ. ನಾನು ಬೋರ್ಡಿಂಗಿನಲ್ಲಿ ಇಲ್ಲ, ಇಂಥ ಓಣಿಯಲ್ಲಿ ಮರಿಯಮಬಿಯ ಮನೆಯಲ್ಲಿ ಇದ್ದೇನೆ, ಪರೀಕ್ಷೆ ಮುಗಿಯುವ ತನಕ ಯಾರ ಮುಂದೂ ಹೇಳಬೇಡ, ಯಾರನ್ನೂ ಕಳಿಸಬೇಡ ಎಂದು ಬಿಡಿಸಿ ಬಿಡಿಸಿ ಬರೆದ. ಅನ್ನವ್ವನಿಗೆ ಓದಲು ಬರುತ್ತಿರಲಿಲ್ಲ. ಊರಲ್ಲಿ ಪತ್ರ ಬಂದರೆ ಓದಿ ಹೇಳುವ ನಾಲ್ಕು ಜನರಲ್ಲಿ ಹತ್ತಿರದ ಮನೆಯವನು ಉಳವಪ್ಪ. ಅವಳು ಪತ್ರವನ್ನು ಸೆರಗಿನಲ್ಲಿ ಕಟ್ಟಿಕೊಂಡು ಅವನ ಮನೆಗೇ ಹೋದಳು. ಉಳವಪ್ಪ ಜಗಲಿಯ ಮೇಲೆ ಕೂತು, ಅಲ್ಲಿದ್ದ ಐದಾರು ಜನರಿಗೂ ಕೇಳುವ ಹಾಗೆ, ಯಾರಿಗೂ ಹೇಳಬೇಡ ಎಂಬುದನ್ನೂ ಸೇರಿಸಿ ಗಟ್ಟಿಯಾಗಿ ಓದಿದ.

ಆ ಉಳವಪ್ಪನಿಗೂ ಅವನ ತಮ್ಮ ಚಂದ್ರಪ್ಪನಿಗೂ ಬಣವೆ ಒಟ್ಟುವ ಹಿತ್ತಲಿನ ಮೇಲೆ ದಾವೆ ನಡೆದಿತ್ತು. ಎರಡು ವರ್ಷದ ಹಿಂದೆ ಅವರ ವಾಟಣಿ ಪತ್ರವನ್ನು ಬರೆದು ಬಿಕಲಂ ಹಾಕಿದವನು ಬಸವಣ್ಣೆಪ್ಪನೇ. ಆ ವಾಟಣಿ ಪತ್ರ ಖರೆಯದು ಎಂದು ಹೇಳಲು ಬರೆದವನೇ ಸಾಕ್ಷಿ. ಸಮನ್ಸು ಬೋರ್ಡಿಂಗಿಗೆ ಹೋಗಿ ಎರಡು ಸಲ ತಿರುಗಿ ಬಂದಿತ್ತು. ಈಗ ಉಳವಪ್ಪ ಕೋರ್ಟಿನ ಬೇಲೀಫನನ್ನು ಕರೆದುಕೊಂಡು ನೆಟ್ಟಗೆ ಮರಿಯಮಬಿಯ ಬಾಗಿಲಿಗೇ ಬಂದ. ಮುದುಕಿ ಅಂಥವರು ಇಲ್ಲಿ ಯಾರೂ ಇಲ್ಲವೆಂದಳು. ಉಳವಪ್ಪ ನಕ್ಕು, ಹಿತ್ತಲ ಕೋಣೆಯಲ್ಲಿ ಇದ್ದಾನಂತ ಅವನೇ ಬರೆದಿದ್ದಾನವ್ವ ಎಂದ. ತಾರೀಖು ನೋಡಿದರೆ ಇಂಗ್ಲಿಷ್ ಪೇಪರಿನ ದಿನವೇ.

ಬಸವಣ್ಣೆಪ್ಪ ವಕೀಲರಲ್ಲಿಗೆ ಓಡಿದ. ಅವರು ಸಮಾಧಾನದಿಂದ ಹೇಳಿದರು, ಕೋರ್ಟು ಹನ್ನೊಂದಕ್ಕೆ ಕೂಡುತ್ತದೆ, ನಿನ್ನದೇ ಮೊದಲ ಸಾಕ್ಷಿ, ಹನ್ನೆರಡಕ್ಕೆ ಪರೀಕ್ಷೆಯ ಹಾಲಿನಲ್ಲಿ ಇರುತ್ತೀ, ತಪ್ಪಿಸಿದರೆ ವಾರಂಟು ಬರುತ್ತದೆ. ಅವರ ಕಿರಿಯ ಮಗನೂ ಅಂದು ಅದೇ ಪೇಪರು ಬರೆಯುವವನಿದ್ದ. ಅವನನ್ನು ಟಾಂಗಾದಲ್ಲಿ ಹತ್ತಿಸಿ ಕಳಿಸಿಯೇ ವಕೀಲರು ಕೋರ್ಟಿಗೆ ಬಂದದ್ದು.

ಹನ್ನೊಂದು ಹೊಡೆಯಿತು. ಬಸವಣ್ಣೆಪ್ಪ ಕೋರ್ಟಿನ ಪಡಸಾಲೆಯ ಬೆಂಚಿನ ಮೇಲೆ ಕೂತಿದ್ದ, ಜೇಬಿನಲ್ಲಿ ಎರಡು ಪೆನ್ನು. ಯಾರೂ ಕೂಗಲಿಲ್ಲ. ಹನ್ನೆರಡಾಯಿತು. ಎದ್ದು ಹೋದರೆ ಆ ಕ್ಷಣದಲ್ಲೇ ಕೂಗುತ್ತಾರೆ ಎಂಬ ಹೆದರಿಕೆ. ಹನ್ನೆರಡೂವರೆಗೆ ಪರೀಕ್ಷೆಯ ಬಾಗಿಲು ಹಾಕಿಬಿಡುತ್ತಾರೆ. ಒಂದು ಗಂಟೆಗೆ ಬಾಗಿಲಲ್ಲಿ ಹೆಸರು ಕೂಗುವ ಪಟ್ಟೇವಾಲನನ್ನು ಹಿಡಿದು ಕೇಳಿದರೆ, ಆ ದಾವೆ ಹನ್ನೊಂದಕ್ಕೇ ಒಳಗೆ ರಾಜಿ ಬರೆದುಕೊಟ್ಟು ಮುಗಿಯಿತಲ್ಲ, ಸಾಕ್ಷಿ ಯಾರಿಗೆ ಬೇಕು ಎಂದ. ಅಣ್ಣತಮ್ಮಂದಿರು ಹಿಂದಿನ ದಿನವೇ ಖಾನಾವಳಿಯಲ್ಲಿ ಒಂದಾಗಿದ್ದರು. ಹೊರಗೆ ಬೆಂಚಿನ ಮೇಲೆ ಒಬ್ಬ ಕೂತಿದ್ದಾನೆ, ಅವನಿಗೊಂದು ಮಾತು ಹೇಳಬೇಕು ಎಂದು ಉಳವಪ್ಪನಿಗೂ ಅನ್ನಿಸಲಿಲ್ಲ, ಚಂದ್ರಪ್ಪನಿಗೂ ಅನ್ನಿಸಲಿಲ್ಲ, ವಕೀಲರಿಗೂ ಅನ್ನಿಸಲಿಲ್ಲ.

ಖಾನಾವಳಿಗೆ ಹೋದರೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ಬದನೆಕಾಯಿ ಎಣ್ಣೆಗಾಯಿಯ ಜೊತೆ ರೊಟ್ಟಿ ಮುರಿಯುತ್ತಿದ್ದರು.

"ಬಾರೋ ತಮ್ಮಾ, ಕುಂದ್ರು. ನಿನ್ನ ಪುಣ್ಯಾದಿಂದ ರಾಜಿ ಆತು" ಎಂದ ಉಳವಪ್ಪ.

"ಇವತ್ತ ನಂದು ಪರೀಕ್ಷಾ ಇತ್ರಿ, ಕಾಕಾ."

"ಪರೀಕ್ಷಾ ವರ್ಷಾ ಬರ್ತೈತಿ, ಎಲ್ಲಿ ಓಡಿ ಹೋಕ್ಕೈತಿ? ಈ ಹಿತ್ತಲ ಕೈ ಬಿಟ್ಟಿದ್ರ ಮತ್ತ ಸಿಗತಿತ್ತೇನ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಹಾಗೆ. ಬೋರ್ಡಿಂಗಿನ ಬಾಗಿಲು ಮುಚ್ಚಿತು. ಊರ ಚಾವಡಿಯಲ್ಲಿ ಹಿರಿಯರು ಮತ್ತೆ ಕೂತು, ಐದು ವರ್ಷ ಜೋಳ ಹಾಕಿದೆವು, ಬೆಳೆ ಬರಲಿಲ್ಲ, ಇನ್ನು ಸಾಕು ಎಂದರು. ಉಳವಪ್ಪನೂ ಹೌದೆಂದು ತಲೆಯಾಡಿಸಿದ. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ನಮ್ಮ ನೀರಿಗೆ ಬಿ.ಎ. ಹತ್ತುವುದಿಲ್ಲ ಬಿಡು ಎಂಬ ಮಾತೂ ಅಂದೇ ಹುಟ್ಟಿತು. ಪ್ರೊಫೆಸರ ಹಾಳೆಗೂ ಊರ ಚಾವಡಿಗೂ ಒಂದೇ ಅಭಿಪ್ರಾಯ. ಅನ್ನವ್ವ, ನಾನು ಪತ್ರ ಓದಿಸಬಾರದಿತ್ತೇನೋ ಎಂದು ಅಳುತ್ತ ಕೇಳಿದಳು. ಓದಲು ಬಾರದವಳಿಗೆ ಗುಟ್ಟಿನ ಪತ್ರ ಬರೆದವನು ನಾನು, ನಿನ್ನದೇನು ತಪ್ಪು ಎಂದು ಅವನೇ ಅವಳನ್ನು ಸಮಾಧಾನ ಮಾಡಬೇಕಾಯಿತು.

ಯುದ್ಧ ಸುರುವಾದ ವರ್ಷ ಅವನು ಊರ ಕನ್ನಡ ಶಾಲೆಯ ಮಾಸ್ತರನಾದ. ಊರವರು ಅವನಿಗೆ ಬಿ.ಎ. ಮಾಸ್ತರ ಎಂದು ಹೆಸರಿಟ್ಟರು. ಕೆಲವರು ಗೌರವಕ್ಕೇ ಅನ್ನುತ್ತಿದ್ದರು, ಅದು ಇನ್ನೂ ಹೆಚ್ಚು ಚುಚ್ಚುತ್ತಿತ್ತು.

ಅವನ ಕೈಯಲ್ಲಿ ಕಲಿತ ಉಳಿವೆಪ್ಪ ಎಂಬ ಹುಡುಗ ೧೯೪೩ರಲ್ಲಿ ಮ್ಯಾಟ್ರಿಕ್ ಪಾಸಾದ. ಹಿತ್ತಲಿನ ದಾವೆಯ ಉಳವಪ್ಪನಿಗೆ ಅವನು ಏನೂ ಆಗಬೇಕಿರಲಿಲ್ಲ, ಕೂಲಿ ಮಾಡುವ ಸಾವಂತ್ರವ್ವನ ಒಬ್ಬನೇ ಮಗ. ಈ ಸಲ ಚಾವಡಿಯಲ್ಲಿ ಯಾರೂ ಕೂಡದಂತೆ ಬಸವಣ್ಣೆಪ್ಪ ನೋಡಿಕೊಂಡ. ಯಾರ ಮನೆಯ ಒಂದು ಸೇರು ಜೋಳವೂ ಬೇಡ ಎಂದ. ತನ್ನ ಪಗಾರದಲ್ಲಿ ಹುಡುಗನ ಅಕ್ಕಿ-ಬೇಳೆ ನಡೆಸಿದ. ತಾನೇ ಧಾರವಾಡಕ್ಕೆ ಕರೆದೊಯ್ದು ಬಂದೇಸಾಬನ ಪರಿಚಯದವರಲ್ಲಿ ಒಂದು ಕೋಣೆ ಹಿಡಿದುಕೊಟ್ಟ. ಹುಡುಗನ ಪತ್ರಗಳು ಶಾಲೆಗೆ, ಬಸವಣ್ಣೆಪ್ಪನ ಹೆಸರಿಗೆ ಬರುತ್ತಿದ್ದವು. ಅವನೇ ಸಾವಂತ್ರವ್ವನಿಗೆ ಓದಿ ಹೇಳಿ, ಪತ್ರವನ್ನು ತನ್ನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡುತ್ತಿದ್ದ. ಧಾರವಾಡದಲ್ಲಿ ಹುಡುಗ ಯಾವ ಓಣಿಯಲ್ಲಿದ್ದಾನೆ ಎಂಬುದು ಊರಲ್ಲಿ ಅವನೊಬ್ಬನಿಗೇ ಗೊತ್ತು.

ಊರು ಸುಮ್ಮನಿರಲಿಲ್ಲ. ಪತ್ತೆ ಕೊಡು ಎಂದು ಕೇಳಿದರು, ಗೋಗರೆದರು, ಬೈದರು. ತಾನು ಬಿ.ಎ. ಆಗಲಿಲ್ಲ ಎಂಬ ಹೊಟ್ಟೆಕಿಚ್ಚಿಗೆ ಹುಡುಗನನ್ನು ಊರಿಂದ ಮುರಿಯುತ್ತಿದ್ದಾನೆ ಎಂದರು. ಅವನು ಜಗ್ಗಲಿಲ್ಲ. ೧೯೪೫ರಲ್ಲಿ ಚಾಪೆ ಹೆಣೆಯುವ ರೋಶನಬಿ ಬಂದಳು. ಗಂಡನನ್ನು ಧಾರವಾಡದ ದವಾಖಾನೆಗೆ ಸೇರಿಸಿ ಬಂದಿದ್ದಳು, ಮನೆಯಲ್ಲಿ ಮೂರು ಕೂಸುಗಳು, ಮತ್ತೆ ಧಾರವಾಡಕ್ಕೆ ಹೋಗುವಂತಿರಲಿಲ್ಲ. "ಏನೂ ಮಾಡೂದ ಬ್ಯಾಡ್ರಿ ಮಾಸ್ತರ. ಹುಡುಗ ಒಂದ ಸಲ ಹೋಗಿ, ಬದುಕ್ಯಾನೋ ಇಲ್ಲೋ ಅಂತ ನೋಡಿ ಪತ್ರ ಬರದ್ರ ಸಾಕ್ರಿ" ಎಂದಳು. ಆಗ ಇಂಟರ್ ಪರೀಕ್ಷೆಗೆ ಇಪ್ಪತ್ತು ದಿನ ಉಳಿದಿತ್ತು. ಬಸವಣ್ಣೆಪ್ಪ ಆಗುವುದಿಲ್ಲ ಎಂದ. ಅವಳ ಗಂಡ ಅಲ್ಲಿಯೇ ತೀರಿಕೊಂಡ, ಸುದ್ದಿ ಊರಿಗೆ ತಲುಪಲು ನಾಲ್ಕು ದಿನ ಹಿಡಿಯಿತು. ಮಣ್ಣು ಮಾಡಿದವರು ಯಾರೆಂದೂ ಅವಳಿಗೆ ತಿಳಿಯಲಿಲ್ಲ. ಎರಡು ದಿನ ಬಸವಣ್ಣೆಪ್ಪನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ, ಹುಡುಗ ಪಾಸಾಗಲಿ, ಎಲ್ಲ ಪಾಪವೂ ನನಗಿರಲಿ ಎಂದು ಊಟಕ್ಕೆ ಕೂತ. ಹುಡುಗ ಪಾಸಾದ. ಮುಂದಿನ ವರ್ಷವೂ ಪಾಸಾದ. ಇನ್ನು ಉಳಿದದ್ದು ಕೊನೆಯ ಬಿ.ಎ. ಒಂದೇ.

೧೯೪೭ರ ಮಾರ್ಚಿನಲ್ಲಿ ಬಸವಣ್ಣೆಪ್ಪನಿಗೆ ಬದಲಿ ಆರ್ಡರು ಬಂತು. ಹಾನಗಲ್ಲಿನ ಪಡುವಲಕ್ಕೆ, ಕಾಡಂಚಿನ ಒಂದು ಹಳ್ಳಿ, ಮಾಸ್ತರರು ಚಳಿಜ್ವರದಲ್ಲಿ ನಡುಗುತ್ತ ತಿರುಗಿ ಬರುವ ಜಾಗ. ಅನ್ನವ್ವನಿಗೆ ಆಗಲೇ ಎರಡೂ ಕಣ್ಣು ಮಂಜಾಗಿದ್ದವು, ಬಚ್ಚಲಿಗೂ ಕೈಹಿಡಿದು ಕರೆದೊಯ್ಯಬೇಕು. ಹೆಡ್ಮಾಸ್ತರರು ಗುಟ್ಟಾಗಿ ಹೇಳಿದರು, ಇದೇನೂ ದೊಡ್ಡದಲ್ಲ, ಧಾರವಾಡದ ಆಫೀಸಿನಲ್ಲಿ ಯಾರಾದರೂ ಕಾರಕೂನನನ್ನು ಕಂಡು ನಿಮ್ಮ ಅವ್ವನ ಸ್ಥಿತಿ ತಿಳಿಸಿ ಅರ್ಜಿ ಮುಂದೆ ಸರಿಸಿದರೆ ರದ್ದಾಗುತ್ತದೆ, ಅರ್ಧ ತಾಸಿನ ಕೆಲಸ, ಧಾರವಾಡದಲ್ಲಿ ನಿಮ್ಮವರು ಯಾರಾದರೂ ಇದ್ದಾರೇನು?

ಅವನು ಮೂರು ದಿನ ತಡೆದ. ನಾಲ್ಕನೆಯ ದಿನ ಕಾಗದ ತೆಗೆದುಕೊಂಡು 'ಚಿರಂಜೀವಿ ಉಳಿವೆಪ್ಪಗೆ ಅನೇಕ ಆಶೀರ್ವಾದ' ಎಂದು ಬರೆದ. ಬರೀ ಅರ್ಧ ತಾಸಿನ ಕೆಲಸ, ಓದು ಕೆಡಿಸಿಕೊಳ್ಳಬೇಡ, ಆಗದಿದ್ದರೆ ಬಿಡು ಎಂದೂ ಬರೆದ. ಉಪಕಾರ ಉಂಡವನಿಗೆ, ಆಗದಿದ್ದರೆ ಬಿಡು ಎಂದರೆ ಏನು ಕೇಳಿಸುತ್ತದೆ ಎಂದು ಊರಲ್ಲಿ ಅವನಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಆದರೂ ಬರೆದ. ಅಕ್ಷರ ಎಂದಿನಂತೆ ಮುತ್ತಿನ ಹಾಗೆಯೇ ಬಂದವು.

ಏಪ್ರಿಲ್ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಉಳಿವೆಪ್ಪ ಬಂದ. ಬಸವಣ್ಣೆಪ್ಪನ ಕಾಲಿಗೆ ನಮಸ್ಕಾರ ಮಾಡಿ, ಒಳಜೇಬಿನಿಂದ ಮಡಿಸಿದ ಕಾಗದ ತೆಗೆದು ಎರಡೂ ಕೈಯಿಂದ ಮುಂದೆ ಹಿಡಿದ.

"ನಿಮ್ಮ ಬದಲಿ ರದ್ದಾತ್ರಿ, ಮಾಸ್ತರ."

ಬಸವಣ್ಣೆಪ್ಪ ಕಾಗದ ಬಿಚ್ಚಿ ಮೊದಲು ನೋಡಿದ್ದು ಸಹಿಯ ಕೆಳಗಿನ ತಾರೀಖನ್ನು. ಪರೀಕ್ಷೆಯ ದಿನಗಳೆಲ್ಲ ಅವನಿಗೆ ಬಾಯಿಪಾಠ ಇದ್ದವು.

"ಅವತ್ತ ನಿಂದು ಎರಡನೇ ಪೇಪರ ಇತ್ತಲ್ಲೋ."

"ಇತ್ರಿ. ಆರು ದಿವಸ ತಿರುಗಿಸಿದ್ರು. ಮರುದಿವಸ ಸಾಹೇಬ್ರು ಸರ್ಕೀಟಿಗೆ ಹೊಂಟಿದ್ರು. ಅವತ್ತ ಮಧ್ಯಾಹ್ನ ಒಂದರ ತನಕ ಅಲ್ಲೇ ನಿಂತ ಸಹಿ ಮಾಡಿಸಲಿಲ್ಲಂದ್ರ ನಿಮ್ಮ ಕೆಲಸ ಕೆಡತಿತ್ರಿ." ಹುಡುಗ ಬೆವರು ಒರೆಸಿಕೊಂಡು, ಸ್ವಲ್ಪ ಸಂಕೋಚದಿಂದ ಮತ್ತೆ ಹೇಳಿದ. "ಆ ಆಫೀಸಿನ್ಯಾಗ ಈಗ ಎಲ್ಲಾರೂ ನನ್ನ ಗುರ್ತ ಹಿಡೀತಾರ್ರಿ. ಇನ್ನ ಮುಂದ ಊರವರದು ಏನ ಕೆಲಸ ಇದ್ರೂ ನನ್ನ ಕಡೆ ಕಳಸ್ರಿ."

ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಹೆಮ್ಮೆ ಇತ್ತು. ಸಿಟ್ಟಾದರೂ ಇದ್ದಿದ್ದರೆ ಬಸವಣ್ಣೆಪ್ಪ ಅವನ ಕಾಲಿಗೆ ಬೀಳುತ್ತಿದ್ದ.